ಪಾನಿ ಎಂದರೆ

ಮೊದಲ ದಿನ ಫಿಲೋಮಿನಕ್ಕ ನನ್ನ ಕೈಗೆ ಕೊಟ್ಟದ್ದು
ಪುಸ್ತಕವಲ್ಲ, ನೈಲ್ ಕಟರ್.
"ಮೊದಲು ನಿನ್ನ ಉಗುರು. ಆಮೇಲೆ ಮಾತು."

ಅಮ್ಮತ್ತಿಯಿಂದ ಒಳಗೆ ಎರಡೂವರೆ ಮೈಲಿ,
ಹಳೆಯ ಕಾಫಿ ಗೋದಾಮಿನ ಅರ್ಧಕ್ಕೆ ಗೋಡೆ ಎಬ್ಬಿಸಿ
ಹಳದಿ ಬಳಿದಿದ್ದಾರೆ, ಅದೇ ಎಸ್ಟೇಟಿನ ಶಿಶುವಿಹಾರ.
ಎಷ್ಟು ಬಳಿದರೂ ಮೂಲೆಯಲ್ಲಿ ಗೋಣಿಯ ವಾಸನೆ.
ಹದಿನಾಲ್ಕು ಮಕ್ಕಳು, ಐದು ಭಾಷೆ,
ಒಂದು ತೊಟ್ಟಿಲು, ಎಂಟು ಸೀರೆಯ ಜೋಲಿ,
ಮತ್ತೆ ನಾನು, ಟ್ರೈನಿ.
ಮೂರು ತಿಂಗಳು ದುಡಿಯುತ್ತಲೇ ಕಲಿಯಬೇಕು.
ಮಡಿಕೇರಿಯಿಂದ ಮೇಡಂ ಬಂದು ಸಹಿ ಹಾಕಿದರೆ
ಪೂರ್ತಿ ಸಂಬಳ.

ನೀಲಿ ಫೈಲಿನಲ್ಲಿ ಪ್ರಶ್ನೆಗಳಿವೆ.
ಮಗುವಿನ ಅಳುವಿನ ವಿಧಗಳನ್ನು ಬರೆಯಿರಿ.
ಬರೆದೆ: ಹಸಿವು, ನಿದ್ದೆ, ಒದ್ದೆ, ನೋವು.
ಫಿಲೋಮಿನಕ್ಕ ಕನ್ನಡಕ ಏರಿಸಿ ಓದಿ,
"ಸುಮ್ಮನೆ ಅಳುವುದು ಎಲ್ಲಿ?" ಅಂದಳು.

ಏಳೂವರೆಗೆ ತಾಯಂದಿರು ಬರುತ್ತಾರೆ,
ಸೊಂಟಕ್ಕೆ ಗೋಣಿ, ಮೈಮೇಲೆ ಗಂಡನ ಹಳೇ ಶರ್ಟು.
ಕಂಕುಳಿಂದ ಮಗುವನ್ನು ಬಿಡಿಸಿಕೊಳ್ಳುವುದೊಂದು ವಿದ್ಯೆ.
ಎಳೆಯಬಾರದು. ಪಾದ ಹಿಡಿದುಕೊಳ್ಳಬೇಕು
ಬೆಚ್ಚಗಿನ ಕೈಯಲ್ಲಿ, ಏನೂ ಹೇಳದೆ.
ಪಾದ ಒಪ್ಪಿದರೆ ಉಳಿದದ್ದು ತಾನಾಗಿ ಬರುತ್ತದೆ.
ಇದು ಫೈಲಿನಲ್ಲಿಲ್ಲ.
ಜನವರಿಯ ಚಳಿ. ನಾನು ಬೇಗ ಬಂದು
ಗಂಜಿಯ ಒಲೆಗೆ ಅಂಗೈ ಹಿಡಿದು ನಿಂತಿರುತ್ತೇನೆ.

ನನ್ನನ್ನೂ ಹಾಲುವಾಣದ ಮರಕ್ಕೆ ಸೀರೆ ಕಟ್ಟಿ ಮಲಗಿಸಿ
ಅಮ್ಮ ಕಾಫಿ ಕುಯ್ಯುತ್ತಿದ್ದಳಂತೆ.
ಅಳುತ್ತಿದ್ದೆನಾ, ಮೊನ್ನೆ ಕೇಳಿದೆ.
"ಯಾರಿಗೆ ಗೊತ್ತು," ಅಂದಳು,
"ನಾನು ನಾಲ್ಕು ಸಾಲು ಆಚೆ ಇದ್ದೆ."

ಮೂರನೇ ವಾರ ಬಂದವನು ಜಿಯಾರುಲ್,
ಅಸ್ಸಾಮಿನವರ ಮಗ, ಎರಡು ತುಂಬಿಲ್ಲ,
ರೈಲಿನ ಮಸಿ ಇನ್ನೂ ಕಿವಿಯ ಹಿಂದೆ.
ಹತ್ತರ ಗಂಟೆ ಹೊಡೆಯುವ ಹೊತ್ತಿಗೆ "ಪಾನಿ" ಅಂದ.
ಎಳೆ ನಾಲಿಗೆಗೆ ಹ್ರಸ್ವವೂ ಅಷ್ಟೇ, ದೀರ್ಘವೂ ಅಷ್ಟೇ.
"ಪನಿಯಾ?" ಒಳಗಿಂದ ಫಿಲೋಮಿನಕ್ಕ,
ಅವಳ ಮನೆಮಾತು ಮಲೆಯಾಳ,
"ಜ್ವರವಾ? ಹಣೆ ಮುಟ್ಟಿ ನೋಡೇ!"
ಮುಟ್ಟಿದೆ. ತಣ್ಣಗಿತ್ತು.
ಹಾಲೂಡಿಸಲು ಬಂದಿದ್ದ ಎರವರ ಚೋಮಿ
ಮಡಿಲಿಂದ ತಲೆ ಎತ್ತದೆ ಹೇಳಿದಳು:
"ಪಣಿ ಅಂತದೆ. ತಾಯಿ ಕೆಲಸಕ್ಕೆ ಹೋದಳಲ್ಲ,
ಗೊತ್ತಾಗದೆ ಇರ್ತದಾ?"
ಥರ್ಮಾಮೀಟರು ಹುಡುಕಿದೆವು. ತಾಯಿಯ ಬ್ಲಾಕಿಗೆ
ಯಾರು ಓಡುವುದೆಂದು ಜಗಳವಾಡಿದೆವು.
ಅವನು ಇನ್ನೂ ಜೋರಾಗಿ ಅದನ್ನೇ ಅಂದ.

ಹಿಂದಿಯಲ್ಲಿ ನನಗೆ ಎಂಬತ್ತೆರಡು ಬಂದಿತ್ತು.
ಆ ಪದ ನನಗೆ ಗೊತ್ತಿತ್ತು.
ಅಳುವ ಮಗುವಿನ ಎದುರು ಎಂಬತ್ತೆರಡೂ
ಎಲ್ಲಿಗೋ ಹೋಗಿಬಿಟ್ಟಿದ್ದವು.

ಮೂರೂವರೆ ವರ್ಷದ ಸೆಲ್ವಿ, ಪಾಪ,
ಮೂಗು ಸೋರಿಸಿಕೊಂಡೇ ಎದ್ದು ಹೋಗಿ
ತನ್ನ ಲೋಟ ತಂದು ಅವನ ಬಾಯಿಗಿಟ್ಟಳು.
ಯಾರನ್ನೂ ಕೇಳಲಿಲ್ಲ.
ಅರ್ಧ ಅಂಗಿಗೆ ಹೋಯಿತು, ಅರ್ಧ ಹೊಟ್ಟೆಗೆ.

ಅವತ್ತು ಶುಕ್ರವಾರ, ತೂಕದ ದಿನ.
ಕೊಕ್ಕೆಗೆ ಚಡ್ಡಿಯಂಥ ಚೀಲ ಸಿಕ್ಕಿಸಿ
ಜಿಯಾರುಲನನ್ನು ತೂಗಹಾಕಿದೆ. ಕಾಲು ಬಡಿದ, ಮುಳ್ಳು ಕುಣಿಯಿತು.
ಒಂಬತ್ತು ಕಿಲೋ ಇನ್ನೂರು. ಫೈಲಿನಲ್ಲಿ ಅದು ಕೇಸರಿ ಗೆರೆ.
ಸಂಜೆ ಕಣದಲ್ಲಿ ಅವನಮ್ಮ ಸಹೇರಾಳ ಗೋಣಿ
ಅಂಥದ್ದೇ ಕೊಕ್ಕೆಯಲ್ಲಿ, ತೊಂಬತ್ತೊಂದು.
ರೈಟರು ಕೂಗಿ ಹೇಳಿದರು, ಬರೆದುಕೊಂಡರು.
ಮಗನ ತೂಕವನ್ನು ನಾನು ಬೆರಳಲ್ಲಿ ತೋರಿಸಿದೆ.
ಅವಳು ಒಂಬತ್ತು ಬೆರಳನ್ನೂ ಎಣಿಸಿದಳು, ಮತ್ತೆ ಎಣಿಸಿದಳು.

ಇಂದು ಏನು ಕಲಿತಿರಿ, ಎಂಬಲ್ಲಿ
ನೀರು ಎಂದು ಬರೆದೆ. ಮೇಡಂ ಏನೆಂದುಕೊಳ್ಳುತ್ತಾರೋ ಎಂದು
ಹೊಡೆದುಹಾಕಿದೆ.
ಈಗಲೂ ಗೀಟಿನ ಕೆಳಗೆ ಓದಲು ಬರುತ್ತದೆ.

ಸೋಮವಾರ ಮಂಜು ಇತ್ತು. ಸಹೇರಾ ಬಂದಳು.
ಅವನು ಆಗಲೇ ಅಳುತ್ತಿದ್ದ,
ಮುಖ ಅವಳ ಕುತ್ತಿಗೆಯಲ್ಲಿ, ಎರಡೂ ಮುಷ್ಟಿ ಶರ್ಟಿನಲ್ಲಿ.
ಒಂದು ಪಾದ ಮಾತ್ರ
ಎಡದ್ದು, ಕಪ್ಪು ದಾರ ಕಟ್ಟಿದ್ದು,
ನನ್ನ ಕಡೆಗೆ ಚಾಚಿಕೊಂಡಿತ್ತು.