ಎಂಟು ಬತ್ತಿಯ ಲೆಕ್ಕ

ಅವರು ಇದ್ದದ್ದು ಹನ್ನೊಂದೇ ಜನ.
ನನಗೆ ಗೊತ್ತು, ಬತ್ತಿ ಮಾರಿದವಳು ನಾನು.
ಲಾಂಡ್ಸ್‌ಹೂಟ್‌ನ ಮೀನುಪೇಟೆಯ ಹಿಂದೆ
ಪೀಪಾಯಿ ಮಾಡುವವನ ಅಟ್ಟದಲ್ಲಿ
ಗುರುವಾರ ಗುರುವಾರ ಸೇರುತ್ತಿದ್ದರು,
ತಲೆಗೊಂದು ಬತ್ತಿ, ಓದುವುದಕ್ಕೆ.

ಏನು ಮಾಡುತ್ತಿದ್ದರು ಅಂದರೆ
ದೊರೆ ಓದಬೇಡಿ ಎಂದದ್ದನ್ನು ಓದುತ್ತಿದ್ದರು.
ಒಬ್ಬರಿಗೊಬ್ಬರು ಗ್ರೀಕರ ಹೆಸರಿಟ್ಟುಕೊಂಡು
ಆ ಹೆಸರು ಮರೆತು,
'ಓಟ್‌ಮಾರ್, ಉಪ್ಪು ಕೊಡೋ' ಎನ್ನುತ್ತಿದ್ದರು.
ವಂತಿಗೆ ಕೊಡದವನ ಮೇಲೆ ಜಗಳ.
ಮುದಿ ಔಷಧಿಯಂಗಡಿಯವನಿಗೆ
ಮೂರನೇ ಪುಟಕ್ಕೆ ಗೊರಕೆ.
ಜಗತ್ತನ್ನು ತಿದ್ದುವ ಮಾತೂ ಇತ್ತು, ಸುಳ್ಳೇಕೆ,
ಆದರೆ ಆ ಅಟ್ಟದ ಸೋರುವ ಹೆಂಚೊಂದನ್ನು
ಆರು ವರ್ಷದಲ್ಲಿ ತಿದ್ದಲಾಗಲಿಲ್ಲ ಅವರಿಂದ.

ಖಜಾಂಚಿ ಓಟ್‌ಮಾರ್ ಎಣಿಸುವ ಜಾತಿಯಲ್ಲ.
ಗಂಡ ಸತ್ತ ಚಳಿಗಾಲ,
ಹಿಟ್ಟಿನ ಬೆಲೆ ಗಂಟೆಗೋಪುರ ಹತ್ತಿ ಕೂತಿತ್ತು.
ಹನ್ನೊಂದು ಕೊಟ್ಟೆ. ಹತ್ತೊಂಬತ್ತು ಬರೆದೆ.
ವಾರಕ್ಕೆ ಎಂಟು ಬತ್ತಿ
ಎಲ್ಲಿಯೂ ಉರಿಯದೆ
ನನ್ನ ಮಕ್ಕಳ ತಟ್ಟೆಯಲ್ಲಿ ಬೆಳಗಿದವು.

ಆಮೇಲೆ ಬಂತು ಅಪ್ಪಣೆ, ಗುಟ್ಟಿನ ಸಂಘಗಳೆಲ್ಲ ಬಂದ್.
ಹನ್ನೊಂದು ಜನರನ್ನೂ ಹಿಡಿದರು.
ಹಿಡಿಯುವುದೇನು, ಊಟಕ್ಕೆ ಕೂತಿದ್ದರು ಮನೆಯಲ್ಲೇ.
ಗುಮಾಸ್ತ ನನ್ನ ಲೆಕ್ಕದ ಪುಸ್ತಕ ತೆರೆದ.
ಎಂಜಲು ಬೆರಳಲ್ಲಿ ಎಣಿಸಿದ. ಮತ್ತೆ ಎಣಿಸಿದ.
'ಹತ್ತೊಂಬತ್ತು ಬತ್ತಿ. ಹನ್ನೊಂದು ತಲೆ.
ಉಳಿದ ಎಂಟು ಜನ ಎಲ್ಲಿ?'

ಕಳ್ಳಲೆಕ್ಕಕ್ಕೆ ಅಂಗಡಿಗೆ ಬೀಗ, ಬೆನ್ನಿಗೆ ಬೆತ್ತ.
ಅಂದುಬಿಟ್ಟೆ:
'ಅವರು ಮುಖ ಮುಚ್ಚಿಕೊಂಡು ಬರುತ್ತಿದ್ದರು.'

ಒಂದೇ ಮಾತು.
ಶಾಯಿ ಆರುವ ಮೊದಲೇ ಹುಟ್ಟಿದರು ಎಂಟು ಜನ,
ಬಸಿರಿಲ್ಲದೆ, ಬಾಣಂತನವಿಲ್ಲದೆ,
ಹಿಮ ಕರಗುವಷ್ಟರಲ್ಲಿ ಇಸಾರ್ ಹೊಳೆ ದಾಟಿದ್ದರು.
ಮ್ಯೂನಿಕ್‌ನಲ್ಲಿ ಒಬ್ಬನಿಗೆ ಕುಂಟುಕಾಲು ಬಂತು,
ಆಚೆ ಊರಲ್ಲಿ ಇನ್ನೊಬ್ಬನಿಗೆ ವಿಷದ ಉಂಗುರ.
ಹಾಲಿನವಳು ಹೇಳಿದ್ದನ್ನು ಪಾದ್ರಿ ಪೀಠದಿಂದ ಹೇಳಿದ.
ಪಾದ್ರಿಯೇ ಹೇಳಿದ್ದೆಂದು ಹಾಲಿನವಳು
ನನಗೇ ಬಂದು ಹೇಳಿದಳು, ಎದೆ ಮುಟ್ಟಿಕೊಂಡು.
ಅತ್ತ ಪ್ಯಾರಿಸ್‌ನಲ್ಲಿ ಅರಸನ ತಲೆ ಉರುಳಿತು.
ಹಸಿದವರು ಮಾಡಿದ್ದೆಂದರೆ ಯಾರು ನಂಬುತ್ತಾರೆ?
ಹಸಿವಿಗೆ ಮುದ್ರೆಯಿಲ್ಲ, ಮುಸುಕಿಲ್ಲ,
ಕೈಕುಲುಕುವ ಗುಪ್ತ ರೀತಿಯಿಲ್ಲ.
ಆ ಎಂಟು ಜನ ಮಾಡಿದ್ದು ಅಂದರು.
ಎಲ್ಲರಿಗೂ ನಿದ್ದೆ ಬಂತು.

ನನಗೆ ಬರಲಿಲ್ಲ ಅಂತಲ್ಲ. ಬರುತ್ತಿತ್ತು.
ಓಟ್‌ಮಾರ್ ಗಡೀಪಾರಾಗಿ ಯಾವುದೋ ಬೆಟ್ಟದೂರಲ್ಲಿ
ಮಕ್ಕಳಿಗೆ ಮಗ್ಗಿ ಹೇಳುತ್ತ ಸತ್ತನಂತೆ.
ಅವನಿಗೆ ಯಾರೂ ಹೆದರಲಿಲ್ಲ.
ಕಣ್ಣಿಗೆ ಬಿದ್ದವನಿಗೆ ಯಾರು ಹೆದರುತ್ತಾರೆ?

ನಲವತ್ತು ವರ್ಷ.
ಮೊನ್ನೆ ಮೊಮ್ಮಗ ಕಿಲಿಯಾನ್ ಬಂದ, ಹಡಗಿನ ಕೆಲಸದಿಂದ,
ಬಾಸ್ಟನ್ ಬಂದರಿನಲ್ಲಿ ಕೊಂಡ ಪುಟ್ಟ ಪುಸ್ತಕ ಅಂಗಿಯೊಳಗೆ.
'ಅಜ್ಜೀ, ಅಲ್ಲೂ ಎಲ್ಲರಿಗೂ ಗೊತ್ತು.
ಎಂಟು ಜನ. ಇನ್ನೂ ಸತ್ತಿಲ್ಲ.
ಮನುಷ್ಯರ ಕೊಬ್ಬಿನಿಂದ ಬತ್ತಿ ಮಾಡಿ
ಕೊಡುತ್ತಿದ್ದಳಂತೆ ಒಬ್ಬ ಮಾಟಗಾತಿ.'

ಕೈ ನೋಡಿಕೊಂಡೆ.
ಕುರಿಯ ಕೊಬ್ಬು ಅದು. ರೋಗದ ಕುರಿಯದ್ದೂ ಅಲ್ಲ.

ಹಲ್ಲಿಲ್ಲದ ಬಾಯಲ್ಲಿ ಮೊದಲ ಸಲ ಹೇಳಿದೆ:
'ಎಂಟು ಜನ ಇರಲೇ ಇಲ್ಲ ಮಗು.
ಎಂಟು ಬತ್ತಿ. ಅವೂ ಇರಲಿಲ್ಲ.
ನಿಮ್ಮಪ್ಪ ತಿಂದ ರೊಟ್ಟಿ ಅದು.'

ಅವನು ಚಮಚ ಕೆಳಗಿಟ್ಟ.
ಬಾಗಿಲು ನೋಡಿದ. ಕಿಟಕಿ ನೋಡಿದ.
ತುಂಬ ಹೊತ್ತು ನನ್ನನ್ನು ನೋಡಿದ.
'ಹೀಗೆ ಹೇಳು ಅಂತ ನಿನಗೆ
ಯಾರು ಹೇಳಿಕೊಟ್ಟರು?'

ಕತ್ತಲಾಗಿತ್ತು. ದೀಪ ಹಚ್ಚಲು ಎದ್ದೆ.
ಗೂಡಿನಲ್ಲಿದ್ದ ಬತ್ತಿಗಳನ್ನು
ಬೆನ್ನ ಹಿಂದೆ ಅವನು
ತುಟಿ ಅಲುಗಿಸದೆ ಎಣಿಸುತ್ತಿದ್ದ.