ಮೀನಿನ ಐಸು

ಬಾಂಬೋಳಿಯ ಲ್ಯಾಬಿನ ಐಸ್ ಮೆಷಿನ್ನು
ಬೆಳಿಗ್ಗೆಯೇ ಕೈಕೊಟ್ಟಿತು.
ಆರ್‌ಎನ್‌ಎ ಕಾಯುವ ಜಾತಿಯದಲ್ಲ.
ಡಿಎನ್‌ಎ ಆದರೆ ಗಟ್ಟಿ ರಟ್ಟಿನ ಪುಸ್ತಕ;
ಇದು ಅದರೊಳಗಿಂದ ಅವಸರಕ್ಕೆ ಗೀಚಿಕೊಂಡ ಚೀಟಿ,
ಬೆರಳ ಬೆವರು ತಾಕಿದರೂ ಅಳಿಯುವ ಶಾಯಿ.

ಥರ್ಮಾಕೋಲ್ ಡಬ್ಬಿ ಹಿಡಿದು ಮೀನುಪೇಟೆಗೆ ಹೋದೆ.
ಎರ್ಮೆಲಿಂದಾ ಬಾಯಿ ಕೇಳಿದಳು:
"ಮೀನು ಬೇಡ, ಬರೀ ಐಸಾ? ಏನು ಮಾರ್ತೀಯ?"
ನನ್ನ ಹರಕು ಕೊಂಕಣಿಯಲ್ಲಿ ಹೇಗೆ ಹೇಳಲಿ,
ಕಣ್ಣಿನ ಕೋಶಕ್ಕೂ ಕರುಳಿನದಕ್ಕೂ ಒಂದೇ ಪುಸ್ತಕ,
ತೆರೆದ ಪುಟ ಮಾತ್ರ ಬೇರೆ ಬೇರೆ,
ಯಾವುದು ತೆರೆದಿತ್ತೆಂದು ಚೀಟಿಯೇ ಹೇಳಬೇಕು ಎಂದು?
"ಚೀಟಿ" ಎಂದೆ. "ಬೇಗ ಹಾಳಾಗುವ ಚೀಟಿ."
ಅವಳು ನಗಲಿಲ್ಲ.
ಬಂಗುಡೆಯ ಕಿವಿರು ಎತ್ತಿ ಕೆಂಪು ತೋರಿಸಿದಳು:
ಇದೂ ಹಾಗೇ, ಮಧ್ಯಾಹ್ನದ ಮೇಲೆ ಓದಲು ಬಾರದು.
ಎರಡು ಬೊಗಸೆ ಹೆಚ್ಚಿಗೆ ಸುರಿದಳು.
ದುಡ್ಡು ತಗೊಂಡಳು, ಅದು ಬೇರೆ ಮಾತು.

ಆಮೇಲೆ ಎಂದಿನಂತೆ. ಗ್ಲೌಸಿನ ಮೇಲೆ ಗ್ಲೌಸು,
ಟ್ರೈಜಾಲಿನ ಗುಲಾಬಿ, ಕ್ಲೋರೋಫಾರ್ಮಿನ ಸಿಹಿ ಘಾಟು,
ಗಿರಗಿರ ತಿರುಗಿ ನಿಂತ ಸೆಂಟ್ರಿಫ್ಯೂಜು,
ಮೇಲಿನ ತಿಳಿಯಷ್ಟನ್ನೇ
ಉಸಿರು ಬಿಗಿಹಿಡಿದು ಪಿಪೆಟ್ಟಿಗೆ ಎಳೆಯುವುದು.
ಪಕ್ಕದ ಬೆಂಚಿನ ಶಾಲ್ಮಲಿ ಮೂಗು ಮುಚ್ಚಿಕೊಂಡು
"ಇವತ್ತು ಲ್ಯಾಬಿನಲ್ಲಿ ಹುಮಣಾ?" ಅಂದಳು.

ಜೆಲ್ಲಿನ ಬಾವಿ ತುಂಬಿ, ಕರೆಂಟು ಕೊಟ್ಟು,
ನಲವತ್ತು ನಿಮಿಷ ಚಹಾ.
ಯುವಿ ಬೆಳಕಲ್ಲಿ ಎರಡು ಗೆರೆ:
ಮೇಲಿನದು ದಪ್ಪ, ಕೆಳಗಿನದು ಅದರರ್ಧ,
ಚೂರೂ ಕದಡಿಲ್ಲ.

ಫೋಟೋ ಅಂಟಿಸಿ ತಾರೀಕು ಬರೆದೆ.
ಐಸು ಕೊಟ್ಟವರ ಹೆಸರಿಗೆ
ನಮ್ಮ ನೋಟ್‌ಬುಕ್ಕಿನಲ್ಲಿ ಕಾಲಂ ಇಲ್ಲ.
ಪುಟದ ಅಂಚಿಗೆ
ಹೇಗೋ ಬಂದು ಕೂತಿದ್ದ ಮೀನಿನ ಹುರುಪೆ
ಒಣಗಿ ಮಿಂಚುತ್ತಿತ್ತು. ಕೀಳಲಿಲ್ಲ.