ಹತ್ತು ಕಿಲೋ ಹೆಚ್ಚಿಗೆ

ಕ್ಯೂರಿಂಗ್ ವರ್ಕ್ಸಿನ ವೇಬ್ರಿಜ್ಜಿನಲ್ಲಿ ನಾನು ಕೂತು
ಇದು ಹತ್ತೊಂಬತ್ತನೇ ಕೊಯ್ಲು.
ಕಿಟಕಿಯಾಚೆ ಲಾರಿ, ಲಾರಿಯಾಚೆ ಮುಳ್ಳಯ್ಯನಗಿರಿ,
ಚಿಕ್ಕಮಗಳೂರಲ್ಲಿ ತೂಕಕ್ಕೆ ಬರದೆ ಉಳಿದದ್ದು ಅದೊಂದೇ.

ಫೆಬ್ರವರಿಯ ಒಂದು ಬುಧವಾರ
ವ್ಯಾನಿನಿಂದ ನಾಲ್ವರು ಇಳಿದರು.
ಉಗಾಂಡಾ, ರುವಾಂಡಾ, ಟಾಂಜಾನಿಯಾ, ಇಥಿಯೋಪಿಯಾ.
ಈ ಹೆಸರೆಲ್ಲ ನನಗೆ ಗೊತ್ತು, ಶಾಲೆಯ ಭೂಪಟದಿಂದಲ್ಲ,
ರೇಟು ಕುಸಿದ ದಿನ ಬೆಳೆಗಾರರ ಬಾಯಿಂದ.
"ಅಲ್ಲಿ ಈ ಸಲ ಫಸಲು ಚೆನ್ನಾಗಿದೆಯಂತೆ" ಅಂತ
ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳುತ್ತಾರೆ ಇಲ್ಲಿ.

ಬಂದದ್ದು ಕಾಫಿ ನೋಡಲಿಕ್ಕಲ್ಲ, ಕಾಗದ ನೋಡಲಿಕ್ಕೆ.
ಒಂದು ಮೂಟೆ ಹೊರಬೀಳಲು ಎಷ್ಟು ಸಹಿ, ಎಷ್ಟು ಮೊಹರು,
ಎಷ್ಟು ಮೇಜು, ಮೇಜಿನಡಿ ಎಷ್ಟು ಕೈ
(ಕೊನೆಯದನ್ನು ಕೇಳಿದವನು ಒಕೆಲ್ಲೊ. ಮ್ಯಾನೇಜರು ಕೆಮ್ಮಿದರು).

ನಮ್ಮ ನಾಲ್ಕು ದೇಶಕ್ಕೂ ಒಂದೇ ಅರ್ಜಿ ಆಗಬೇಕು, ಅಂದಳು ತ್ಸೆಹಾಯ್.
ಒಂದು ಕಡೆ ನೋಂದಣಿಯಾದ ಅಂಗಡಿ
ಗಡಿ ದಾಟಿದರೂ ಅಂಗಡಿಯೇ ಆಗಿರಬೇಕು.
ಒಂದು ಗೇಟು ತೂಗಿದ್ದನ್ನು ಮುಂದಿನ ಗೇಟು ನಂಬಬೇಕು.
ಅಷ್ಟೇನಾ?
ಅಷ್ಟೇ. ಆರು ವರ್ಷದಿಂದ ಸಭೆ ನಡೆದಿದೆ.

ನನಗೆ ಅಣ್ಣ ಆಲ್ವಿನ್ ನೆನಪಾದ.
ಕೊಚ್ಚಿಗೆ ಮೆಣಸು ಹೇರಿಕೊಂಡು ಹೋದವನು
ತಲಪಾಡಿ ಗೇಟಿನಲ್ಲಿ ಎರಡು ರಾತ್ರಿ ಲಾರಿಯಡಿ ಮಲಗಿ
ಮೂರನೇ ಬೆಳಿಗ್ಗೆ ಫೋನು ಮಾಡಿದ್ದ:
"ಫ್ಲೇವಿಯಾ, ನಿನ್ನ ಚೀಟೀಲಿ ಒಂದು ಸೊನ್ನೆ ಮಸುಕಾಗಿದೆಯಂತೆ."
ನನ್ನ ಸೊನ್ನೆ!
ಆಮೇಲೆ ಜಿಎಸ್‌ಟಿ ಬಂತು, ಗೇಟು ಹೋಯಿತು,
ಗೇಟಿನೆದುರು ಚಹಾ ಮಾರುತ್ತಿದ್ದವನೂ ಹೋದ.
ಅದನ್ನೂ ಬರೆದುಕೊಳ್ಳಿ ಅಂದೆ.
ಹಬಿಮಾನಾ ಒಬ್ಬನೇ ಬರೆದುಕೊಂಡ.

ಶೆಡ್ಡಿನಲ್ಲಿ ಕರಿಬೀಜ ಆರಿಸುತ್ತಿದ್ದ ಖತೀಜಮ್ಮ
ತಲೆಯೆತ್ತದೆ ಗಿರಿಯ ಕತೆ ಹೇಳಿದಳು:
ಏಳು ಬೀಜ, ಒಬ್ಬ ಫಕೀರ, ಕಡಲಾಚೆಯಿಂದ ಗುಟ್ಟಾಗಿ.
ರಸೀದಿ ಇಲ್ಲದೆ? ತ್ಸೆಹಾಯ್ ನಕ್ಕಳು,
ಹಾಗಾದರೆ ನಮ್ಮ ಬಾಕಿ ಇದೆ ನಿಮ್ಮ ಮೇಲೆ.
ರಸೀದಿ ಕೇಳಿದ್ದರೆ ನಾನೆಲ್ಲಿ, ಈ ಮೊರ ಎಲ್ಲಿ,
ಅಂದಳು ಖತೀಜಮ್ಮ, ಮೊರ ಕುಲುಕಿ.

ಅಕ್ಕಿರೊಟ್ಟಿ ಮುರಿಯುವಾಗ ಜಗಳ ಎದ್ದಿತು.
ಗೇಟು ಮೊದಲು ಯಾರು ತೆಗೆಯುವುದು?
ದೊಡ್ಡವರ ಸರಕು ನುಗ್ಗಿದರೆ ಚಿಕ್ಕವರ ಸಂತೆಗೆ ಏನು ಉಳಿಯುತ್ತದೆ?
ಹಬಿಮಾನಾ ತಟ್ಟೆ ಸರಿಸಿದ.
ಅವರ ಇಂಗ್ಲಿಷು ನನಗೆ ಅರ್ಧ ತಿಳಿಯಿತು, ಉಳಿದರ್ಧ
ದಾಯಾದಿ ಜಗಳದ ರಾಗ, ಅದಕ್ಕೆ ಭಾಷಾಂತರ ಬೇಡ.

ಹೊರಡುವ ಮುನ್ನ ಮಶಾಕಾ, ಮಕ್ಕಳ ಹಾಗೆ,
ಲಾರಿ ನಿಲ್ಲುವ ಹಾಸಿನ ಮೇಲೆ ಹತ್ತಿದ. ಎಷ್ಟು?
ಎಪ್ಪತ್ತು.
ಒಕೆಲ್ಲೊ ಹತ್ತಿದ. ಎಪ್ಪತ್ತು.
ತ್ಸೆಹಾಯ್, ಕೋಟು ಸೇರಿ, ಎಪ್ಪತ್ತು.
ಹಬಿಮಾನಾ, ಮುನಿಸು ಸೇರಿ, ಎಪ್ಪತ್ತು.
ನಾಲ್ವರೂ ಒಟ್ಟಿಗೆ ನಿಲ್ಲಿ ನೋಡೋಣ, ಅಂದೆ.

ಇನ್ನೂರ ತೊಂಬತ್ತು.

ಮಷೀನು ಕೆಟ್ಟಿದೆ, ಅಂದ ಮಶಾಕಾ.
ಕೆಟ್ಟಿಲ್ಲ ಸ್ವಾಮಿ. ಇದು ಲಾರಿ ತೂಗುವ ಯಂತ್ರ,
ಹತ್ತರ ಕೆಳಗಿನ ಚಿಲ್ಲರೆ ಇದರ ಕಣ್ಣಿಗೆ ಕಾಣದು.
ಒಬ್ಬೊಬ್ಬರೇ ಬಂದರೆ ಒಬ್ಬರ ಎರಡು ಕಿಲೋ, ಇನ್ನೊಬ್ಬರ ಮೂರು
ಯಾವ ಲೆಕ್ಕಕ್ಕೂ ಸಿಗದೆ ಹೋಗುತ್ತವೆ.
ಯಾರೂ ಕದ್ದಿರುವುದಿಲ್ಲ.

ಯಾರೂ ಮಾತಾಡಲಿಲ್ಲ. ಒಕೆಲ್ಲೊ ಒಂದು ಹೆಜ್ಜೆ ಕೆಳಗಿಟ್ಟ,
ಇನ್ನೂರ ಇಪ್ಪತ್ತು. ಮತ್ತೆ ಹತ್ತಿದ.

ಚೀಟಿ ಬರುವುದು ಮೂರೇ ಪ್ರತಿ: ಬಿಳಿ, ಗುಲಾಬಿ, ಹಳದಿ.
ವಾಹನ ಸಂಖ್ಯೆಯ ಜಾಗ ಖಾಲಿ ಬಿಟ್ಟು ಕೊಟ್ಟೆ.
ಸೊನ್ನೆಯನ್ನು ಮಾತ್ರ ಎರಡು ಸಲ ತಿದ್ದಿದ್ದೆ.
ಬಿಳಿಯದು ಯಾರಿಗೆ, ಯಾರಿಗೆ ಯಾವುದೂ ಇಲ್ಲ ಎಂದು
ವ್ಯಾನಿನವರೆಗೂ ವಾದಿಸುತ್ತಾ ನಡೆದರು.

ಹಿಂದೆ ಆಲ್ದೂರಿನ ಲಾರಿ ಹಾರನ್ ಹೊಡೆಯುತ್ತಿತ್ತು.
ಕಾವಲಿನವನು ಊಟಕ್ಕೆ ಹೋಗಿದ್ದ.
ಗೇಟು ನಾನೇ ತೆಗೆದೆ.